ಎಂಟರಲ್ಲಿ ಆರು ಕಳೆದರೆ ಎಷ್ಟು?

ಮಲಗಿರುವವರ ವಯಸ್ಸು 19. ಜಾಗ, ಅಮೆರಿಕದ ಇಲಿನಾಯ್ ರಾಜ್ಯದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯ. ನೆತ್ತಿಗೆ, ಕಣ್ಣಂಚಿಗೆ, ಗದ್ದಕ್ಕೆ ತೆಳುವಾದ ತಂತಿಗಳನ್ನು ಅಂಟಿಸಿದ್ದಾರೆ. ಪರದೆಯ ಮೇಲೆ ಓಡುತ್ತಿರುವ ಗೆರೆಗಳನ್ನು ನೋಡಿದರೆ ಅನುಮಾನವೇ ಇಲ್ಲ: ನಿದ್ದೆ ಬಂದಿದೆ, ಗದ್ದದ ಸ್ನಾಯು ಸಡಿಲಬಿದ್ದಿದೆ, ಕನಸಿನ ಹೊತ್ತು ಶುರುವಾಗಿದೆ. ಅಷ್ಟರಲ್ಲಿ ಕಣ್ಣಿನ ಗೆರೆ ಎಡಕ್ಕೂ ಬಲಕ್ಕೂ ಮೂರು ಸಲ ದೊಡ್ಡದಾಗಿ ಜಿಗಿಯಿತು. ಮಲಗುವ ಮುಂಚೆಯೇ ಮಾತಾಡಿಕೊಂಡಿದ್ದ ಸಂಕೇತ ಅದು. ‘ನಾನೀಗ ಕನಸಿನಲ್ಲಿದ್ದೇನೆ, ಅದು ನನಗೆ ಗೊತ್ತಾಗಿದೆ’ ಎಂದು ಅದರ ಅರ್ಥ. ಸಂಶೋಧಕರು ಮೆಲ್ಲಗೆ ಕೇಳಿದರು: ಎಂಟರಲ್ಲಿ ಆರು ಕಳೆದರೆ ಎಷ್ಟು? ಮೂರು ಸೆಕೆಂಡಿನೊಳಗೆ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಎಡ-ಬಲ, ಎಡ-ಬಲ ಎಂದು ಎರಡು ಬಾರಿ ಹೊರಳಿದವು. ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಮತ್ತೆ ಅದೇ ಉತ್ತರ, ಎರಡು.

ನಿದ್ದೆಯಲ್ಲಿದ್ದ ಮನುಷ್ಯ ಹೊರಗಿನವರ ಮಾತು ಕೇಳಿಸಿಕೊಂಡು, ಲೆಕ್ಕ ಮಾಡಿ, ಅಲ್ಲಿಂದಲೇ ಉತ್ತರ ಕಳಿಸಿದ ಈ ಸಂಗತಿ 2021ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಯಾರೆನ್ ಕಾಂಕೊಲಿ, ಕೆನ್ ಪ್ಯಾಲರ್ ಅವರ ಅಮೆರಿಕದ ತಂಡದ ಜೊತೆಗೆ ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ಪ್ರಯೋಗಾಲಯಗಳೂ ತಂತಮ್ಮ ದಾರಿಯಲ್ಲಿ ಇದನ್ನೇ ಮಾಡಿ ನೋಡಿದ್ದವು. ಫ್ರಾನ್ಸಿನಲ್ಲಿ, ಹಗಲು ಹೊತ್ತಿನಲ್ಲೂ ಏಕಾಏಕಿ ನಿದ್ದೆಗೆ ಜಾರುವ ನಾರ್ಕೊಲೆಪ್ಸಿ ಕಾಯಿಲೆಯಿದ್ದ ಒಬ್ಬರು ‘ಚಾಕೊಲೇಟ್ ಇಷ್ಟವೇ?’ ಎಂಬಂಥ ಪ್ರಶ್ನೆಗಳಿಗೆ ಮುಖದ ಸ್ನಾಯು ಬಿಗಿದು ಹೌದು, ಇಲ್ಲ ಎಂದರು. ಎಲ್ಲ ಸೇರಿ 36 ಜನ. ಕನಸೆಂಬ ಅರಿವು ಮೂಡಿದೆ ಎಂದು ಸಂಕೇತ ಬಂದ ಮೇಲೆ 158 ಸಲ ಪ್ರಶ್ನೆ ಕೇಳಿದ್ದರು. ಸರಿಯಾದ ಉತ್ತರ ಬಂದದ್ದು ಶೇ 18ರಷ್ಟು, ತಪ್ಪು ಉತ್ತರ ಶೇ 3ರಷ್ಟು. ಅರ್ಧಕ್ಕಿಂತ ಹೆಚ್ಚು ಸಲ ಉತ್ತರವೇ ಇಲ್ಲ. ಶೇ 18 ಎಂದರೆ ಕಡಿಮೆಯೆಂದು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಸಾವಿರಾರು ವರ್ಷ ಮುಚ್ಚಿಯೇ ಇದ್ದ ಬಾಗಿಲನ್ನು ಬಡಿದಾಗ ಒಳಗಿನಿಂದ ಒಂದೇ ಒಂದು ಸಲ ದನಿ ಬಂದಿದ್ದರೂ ಅದು ದೊಡ್ಡ ಸುದ್ದಿಯೇ. ಎಚ್ಚರಾದ ಮೇಲೆ ಕೆಲವರು, ಪ್ರಶ್ನೆ ಕನಸಿನ ಆಚೆಯಿಂದ ಅಶರೀರವಾಣಿಯ ಹಾಗೆ ಕೇಳಿಸಿತು ಎಂದರು. ಇನ್ನು ಕೆಲವರಿಗೆ ಅದು ಕನಸಿನೊಳಗಿನ ರೇಡಿಯೊದಿಂದ ಬಂದಿತ್ತು.

ಕನ್ನಡದಲ್ಲಿ ನಮಗೆ ಕನಸು ‘ಬೀಳುತ್ತದೆ’. ಮಳೆ ಬಿದ್ದ ಹಾಗೆ, ಪೆಟ್ಟು ಬಿದ್ದ ಹಾಗೆ. ಅದರಲ್ಲಿ ನಮ್ಮ ಕೈವಾಡವಿಲ್ಲ. ಆದರೆ ಅದೇ ಭಾಷೆಯಲ್ಲಿ ಕನಸು ‘ಕಾಣುತ್ತೇವೆ’, ಕನಸು ‘ಕಟ್ಟುತ್ತೇವೆ’. ಹಗಲಿನ ಹಂಬಲಕ್ಕೆ ಹೇಳುವ ಮಾತು ಇದು. ಇಲ್ಲಿ ಕೆಲಸ ಮಾಡುವವರು ನಾವೇ. ಬೀಳುವ ಕನಸಿಗೂ ಕಟ್ಟುವ ಕನಸಿಗೂ ನಡುವೆ ಒಂದು ಅಪರೂಪದ ಸ್ಥಿತಿಯಿದೆ. ಕನಸು ಬಿದ್ದಿರುತ್ತದೆ, ನಿದ್ದೆ ಹರಿದಿರುವುದಿಲ್ಲ, ಆದರೂ ‘ಇದು ಕನಸು’ ಎಂದು ಒಳಗೊಬ್ಬರು ಹೇಳುತ್ತಿರುತ್ತಾರೆ. ಅದನ್ನು ಇಲ್ಲಿ ಎಚ್ಚರಗನಸು ಎಂದು ಕರೆಯುತ್ತೇನೆ. 2016ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದವರ ಪ್ರಕಾರ, ನೂರರಲ್ಲಿ ಸುಮಾರು 55 ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿರುತ್ತದೆ. 23 ಜನರಿಗೆ ತಿಂಗಳಿಗೊಮ್ಮೆ ಅಥವಾ ಇನ್ನೂ ಹೆಚ್ಚು. ನಿಮಗೂ ಆಗಿರಬಹುದು. ಓಡಿಸಿಕೊಂಡು ಬಂದ ಹಾವಿನಿಂದಲೋ ಗೂಳಿಯಿಂದಲೋ ತಪ್ಪಿಸಿಕೊಳ್ಳಲಾಗದೆ, ‘ಅಯ್ಯೋ, ಇದು ಕನಸಿರಬೇಕು, ಎದ್ದುಬಿಡೋಣ’ ಎಂದುಕೊಂಡು ಎದ್ದಿದ್ದೀರಾ? ಹಾಗಿದ್ದರೆ ಆ ಸ್ಥಿತಿಯ ಹೊಸ್ತಿಲು ಮುಟ್ಟಿ ಬಂದಿದ್ದೀರಿ.

ಕನಸು ಏಕೆ ಬೀಳುತ್ತದೆ ಎನ್ನುವುದು ಹಳೆಯ ಪ್ರಶ್ನೆ. ಕನಸಿನೊಳಗೆ ಅದು ಕನಸೆಂದು ಏಕೆ ಗೊತ್ತಾಗುವುದಿಲ್ಲ ಎನ್ನುವುದನ್ನು ಅಷ್ಟಾಗಿ ಯಾರೂ ಕೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಕೇಳಬೇಕೆಂಬುದು ಈ ಅಧ್ಯಾಯದ ಉದ್ದಕ್ಕೂ ನನ್ನ ವಾದ.

*

1951ರ ಡಿಸೆಂಬರ್, ಶಿಕಾಗೊ ವಿಶ್ವವಿದ್ಯಾಲಯ. ಯೂಜೀನ್ ಅಸೆರಿನ್‌ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಅವನ ಕಣ್ಣಿನ ಬಳಿ ತಂತಿ ಅಂಟಿಸಿ, ಪಕ್ಕದಲ್ಲಿ ರಾತ್ರಿಯಿಡೀ ಕುಳಿತ. ನಿದ್ದೆಯೆಂದರೆ ಮಿದುಳಿನ ದೀಪ ಆರಿಸಿದಂತೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಆದರೆ ನಡುರಾತ್ರಿ ಯಂತ್ರದ ಮುಳ್ಳುಗಳು ಏಕಾಏಕಿ ಕುಣಿಯತೊಡಗಿದವು. ಹುಡುಗ ಎದ್ದಿರಬೇಕೆಂದು ಹೋಗಿ ನೋಡಿದರೆ ಅವನಿಗೆ ಒಳ್ಳೆಯ ನಿದ್ದೆ. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಅವನ ಮಾರ್ಗದರ್ಶಕ ನಥಾನಿಯಲ್ ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಈ ಹೊತ್ತಿಗೆ ಮುಂದೆ ರೆಮ್ ನಿದ್ದೆ ಎಂಬ ಹೆಸರು ಬಂತು. ದೊಡ್ಡವರ ರಾತ್ರಿಯಲ್ಲಿ ಇದರ ಪಾಲು ಐದರಲ್ಲೊಂದರಿಂದ ನಾಲ್ಕರಲ್ಲೊಂದು, ಹಸುಗೂಸಿನ ನಿದ್ದೆಯಲ್ಲಿ ಹತ್ತಿರ ಹತ್ತಿರ ಅರ್ಧ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬಂದುಹೋಗುವ ರೆಮ್, ರಾತ್ರಿ ಕಳೆದಂತೆಲ್ಲ ಉದ್ದವಾಗುತ್ತದೆ. ಬೇರೆ ಬಗೆಯ ನಿದ್ದೆಯಲ್ಲೂ ಕನಸು ಬೀಳುತ್ತದೆ, ನಿಜ. ಆದರೆ ಕಥೆಯುಳ್ಳ, ಬಣ್ಣ ತುಂಬಿದ, ಎದೆ ಬಡಿಸುವ ಕನಸುಗಳು ಹೆಚ್ಚಾಗಿ ಇಲ್ಲಿಯವು.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎನ್ನುವ ನಂಬಿಕೆ ನಮ್ಮ ಮನೆಗಳಲ್ಲಿದೆ. ನನ್ನಜ್ಜಿ ಕನಸಿನ ಮಾತೆತ್ತಿದರೆ ಮೊದಲು ಕೇಳುತ್ತಿದ್ದುದು ‘ಯಾವ ಹೊತ್ತಿನಲ್ಲಿ ಬಿತ್ತು?’ ಎಂದೇ. ಕನಸು ಮುಂದಾಗುವುದನ್ನು ಹೇಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಹೊತ್ತಿನ ಬಗ್ಗೆ ಅಜ್ಜಿಯ ಗಮನ ಸರಿಯಾಗಿಯೇ ಇತ್ತು. ಅತಿ ಉದ್ದದ ರೆಮ್ ಬರುವುದು ಬೆಳಗಿನ ಜಾವಕ್ಕೆ. ಅದರ ನಡುವೆಯೋ ಅದು ಮುಗಿಯುತ್ತಿದ್ದಂತೆಯೋ ಎಚ್ಚರಾಗುವುದರಿಂದ ನೆನಪಿನಲ್ಲಿ ಉಳಿಯುವುದೂ ಆ ಕನಸೇ. ಎಚ್ಚರಗನಸು ಕೂಡ ಹೆಚ್ಚಾಗಿ ಆ ಹೊತ್ತಿನದೇ.

ರೆಮ್ ನಿದ್ದೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಮಿದುಳು ಎಚ್ಚರದಷ್ಟೇ ಚಟುವಟಿಕೆಯಿಂದಿರುವಾಗ ದೇಹ ಕಟ್ಟಿಹಾಕಿದಂತೆ ಬಿದ್ದಿರುತ್ತದೆ. ಮಿದುಳಿನ ಕಾಂಡದಿಂದ ಹೊರಡುವ ಆಜ್ಞೆಯೊಂದು ಕೈಕಾಲಿನ ಸ್ನಾಯುಗಳಿಗೆ ಬೀಗ ಹಾಕಿರುತ್ತದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಮಿಷೆಲ್ ಜೂವೆ ಬೆಕ್ಕುಗಳಲ್ಲಿ ಈ ಬೀಗ ಇರುವ ಜಾಗವನ್ನು ಹುಡುಕಿ, ಅದನ್ನು ಕೆಡಿಸಿ ನೋಡಿದರು. ರೆಮ್ ಬರುತ್ತಿದ್ದಂತೆ ನಿದ್ದೆಯಲ್ಲಿದ್ದ ಬೆಕ್ಕು ಎದ್ದು ನಿಂತಿತು, ಇಲ್ಲದ ಬೇಟೆಗೆ ಹೊಂಚು ಹಾಕಿತು, ಎಗರಿತು. ಎದುರಿಗಿದ್ದದ್ದು ಅದಕ್ಕೆ ಕಾಣುತ್ತಲೇ ಇರಲಿಲ್ಲ.

ಮನುಷ್ಯರಲ್ಲೂ ಈ ಬೀಗ ಸಡಿಲಾಗುವುದುಂಟು. 1986ರಲ್ಲಿ ಅಮೆರಿಕದ ಮಿನಿಸೋಟಾದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಅಂಥವರನ್ನು ವಿವರಿಸಿದರು: ಕನಸಿನಲ್ಲಿ ಕಳ್ಳನಿಗೆ ಒದ್ದರೆ ಒದೆ ಬೀಳುವುದು ಪಕ್ಕದಲ್ಲಿ ಮಲಗಿದ ಹೆಂಡತಿಗೆ. ಐವತ್ತು ದಾಟಿದ ಗಂಡಸರಲ್ಲಿ ಇದು ಹೆಚ್ಚು. ಕಥೆ ಕೇಳಿದವರು ನಗುತ್ತಾರೆ, ಮನೆಯವರೂ ನಕ್ಕು ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು. ಈ ತೊಂದರೆಯಿದ್ದ 1,280 ಜನರನ್ನು ಹಲವು ದೇಶಗಳಲ್ಲಿ ಗಮನಿಸಿದ 2019ರ ಅಧ್ಯಯನದ ಪ್ರಕಾರ, ಹನ್ನೆರಡು ವರ್ಷಗಳೊಳಗೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಪಾರ್ಕಿನ್ಸನ್ ಅಥವಾ ಅದಕ್ಕೆ ಹತ್ತಿರದ ಮಿದುಳಿನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ನಿದ್ದೆಯಲ್ಲಿ ಒಂದೆರಡು ಮಾತು ಕನವರಿಸುವುದು ಬೇರೆ. ಮನೆಯ ಹಿರಿಯರು ಪದೇ ಪದೇ ಕಿರುಚಿ, ಗುದ್ದಿ, ಮಂಚದಿಂದ ಬೀಳುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ.

ಬೀಗದ ವಿಷಯಕ್ಕೆ ಮರಳೋಣ. ಅದು ಮುಟ್ಟದ ಸ್ನಾಯುಗಳು ಕೆಲವೇ. ಉಸಿರಾಟದ ವಪೆ ಒಂದು, ಕಣ್ಣಿನ ಸ್ನಾಯುಗಳು ಇನ್ನೊಂದು. ಕನಸಿನಲ್ಲಿ ಎಡಕ್ಕೆ ನೋಡಿದರೆ ನಿಜವಾದ ಕಣ್ಣೂ ಎಡಕ್ಕೆ ತಿರುಗಬಹುದು. ಹಾಗಾದರೆ ಕನಸಿನಲ್ಲಿ ಎಚ್ಚರಾದವನು ಹೊರಗಿನವರಿಗೆ ಕಣ್ಣಿನಿಂದಲೇ ಸುದ್ದಿ ಕಳಿಸಬಹುದಲ್ಲ! ಈ ಯೋಚನೆಯನ್ನು ಮೊದಲು ಪ್ರಯೋಗಕ್ಕೆ ಇಳಿಸಿದವರು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್. ಅವರಿಗೆ ಸಿಕ್ಕ ಅಲನ್ ವರ್ಸ್ಲಿ ಎಚ್ಚರಗನಸು ಕಾಣುವುದರಲ್ಲಿ ಪಳಗಿದ ಮನುಷ್ಯ. 1975ರ ಏಪ್ರಿಲ್ 12ರ ಬೆಳಿಗ್ಗೆ, ಎಂಟು ಗಂಟೆಯ ಸುಮಾರಿಗೆ, ರೆಮ್‌ನ ಅಡ್ಡಾದಿಡ್ಡಿ ಗೀಚುಗಳ ನಡುವೆ ಒಪ್ಪಂದದ ಪ್ರಕಾರ ಎಡ-ಬಲ, ಎಡ-ಬಲ ಎಂದು ಎಂಟು ಅಚ್ಚುಕಟ್ಟಾದ ಅಲೆಗಳು ಕಾಗದದ ಮೇಲೆ ಮೂಡಿದವು. ಕನಸಿನೊಳಗಿನಿಂದ ಹೊರಗೆ ಬಂದ, ದಾಖಲೆಯಾದ ಮೊದಲ ಸಂದೇಶ ಅದು.

ಅದು ಹರ್ನ್ ಅವರ ಪ್ರಬಂಧದೊಳಗೇ ಉಳಿಯಿತು. ಅದರ ಸುಳಿವಿಲ್ಲದೆ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಾಬರ್ಜ್ ತಾನೇ ಮಲಗಿ, ತಾನೇ ಸಂಕೇತ ಕೊಟ್ಟು ಇದನ್ನು ಮತ್ತೆ ಸಾಧಿಸಿದರು. ಪ್ರಸಿದ್ಧ ಪತ್ರಿಕೆಗಳು ಅವರ ಲೇಖನವನ್ನು ಹಿಂದಿರುಗಿಸಿದವು. ನಿದ್ದೆಯೆಂದರೆ ಅರಿವಿಲ್ಲದ ಸ್ಥಿತಿ, ಅರಿವಿದ್ದರೆ ಅದು ನಿದ್ದೆಯೇ ಅಲ್ಲ ಎಂದು ಅಂದಿನ ಪಂಡಿತರು ಗಟ್ಟಿಯಾಗಿ ನಂಬಿದ್ದರು. ಲೇಖನ ಕೊನೆಗೆ 1981ರಲ್ಲಿ ಹೊರಬಂತು. ವ್ಯಾಖ್ಯೆಯನ್ನು ಕಾಪಾಡಿಕೊಳ್ಳಲು ಕಣ್ಣೆದುರಿನ ಸಾಕ್ಷ್ಯವನ್ನು ತಳ್ಳಿಹಾಕುವುದು ವಿಜ್ಞಾನದಲ್ಲಿ ಹೊಸದೇನಲ್ಲ, ಆದರೆ ಇಂಥ ಕಡೆ ಅದು ಬೇಸರ ತರಿಸುತ್ತದೆ.

ಬೇಸರಕ್ಕೆ ಇನ್ನೂ ಒಂದು ಕಾರಣವಿದೆ. ಅನುಭವಿಗಳಿಗೆ ಇದು ಯಾವತ್ತೂ ರಹಸ್ಯವಾಗಿರಲಿಲ್ಲ. ನಿದ್ದೆಯಲ್ಲಿ ‘ಇದು ಕನಸು’ ಎಂದು ಹೇಳುವುದೊಂದು ಒಳಗಿರುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕ ರಾಜನಿಗೆ ಕನಸಿನ ಕುರಿತು ಹೇಳುವ ಮಾತಂತೂ ಇಂದಿನ ಪ್ರಯೋಗಾಲಯದ ಬಾಗಿಲಿಗೆ ಬರೆದು ಹಾಕುವಂಥದ್ದು. ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯೂ ಇಲ್ಲ. ಕನಸು ಕಾಣುವವನು ತಾನೇ ಅವನ್ನೆಲ್ಲ ಸೃಷ್ಟಿಸಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ದೆಗಳನ್ನು ಮೂರು ಬೇರೆ ಬೇರೆ ಸ್ಥಿತಿಗಳೆಂದು ವಿಂಗಡಿಸಿತು. ಟಿಬೆಟಿನ ಬೌದ್ಧರು ಒಂದು ಹೆಜ್ಜೆ ಮುಂದೆ ಹೋಗಿ, ಕನಸಿನಲ್ಲಿ ಎಚ್ಚರವಾಗಿರುವುದನ್ನು ಸಾಧನೆಯಾಗಿಯೇ ಬೆಳೆಸಿದರು. ನಾರೋಪನ ಹೆಸರಿನಲ್ಲಿ ಬಂದಿರುವ ಆರು ಯೋಗಗಳಲ್ಲಿ ಕನಸಿನ ಯೋಗವೂ ಒಂದು. 1960ರ ದಶಕದಿಂದ ನಮ್ಮ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಯಾಗಿರುವ ಟಿಬೆಟಿಯನ್ನರ ಪರಂಪರೆ ಇದು. ಯುರೋಪಿನಲ್ಲಿ ಫ್ರಾನ್ಸಿನ ಎರ್ವೆ ದ ಸ್ಯಾಂ-ದೆನಿ 1867ರಲ್ಲಿ ಕನಸನ್ನು ನಡೆಸುವ ವಿಧಾನಗಳ ಬಗ್ಗೆ ಪುಸ್ತಕವನ್ನೇ ಬರೆದ. ಡಚ್ ವೈದ್ಯ ಫ್ರೆಡ್ರಿಕ್ ವಾನ್ ಎಡೆನ್ 1913ರಲ್ಲಿ ಈ ಸ್ಥಿತಿಗೆ ಈಗ ಇಂಗ್ಲಿಷಿನಲ್ಲಿ ಚಾಲ್ತಿಯಲ್ಲಿರುವ ಹೆಸರು ಕೊಟ್ಟ. ವರ್ಸ್ಲಿಯ ಎಂಟು ಅಲೆಗಳು ಇವರೆಲ್ಲರ ಮಾತಿಗೆ ಮುದ್ರೆ ಒತ್ತಿದವು.

*

ಸತ್ತು ಇಪ್ಪತ್ತು ವರ್ಷವಾದ ಅಜ್ಜ ಕನಸಿನಲ್ಲಿ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿರುತ್ತಾನೆ. ನಾವು ಬೆಚ್ಚುವುದಿಲ್ಲ. ‘ನೀನು ಹೋಗಿ ಎಷ್ಟು ವರ್ಷವಾಯಿತಲ್ಲ’ ಎನ್ನುವುದಿಲ್ಲ. ಕೂತು ಮಾತಾಡುತ್ತೇವೆ. ಜಗಲಿ ನೋಡನೋಡುತ್ತ ರೈಲು ಬೋಗಿಯಾಗುತ್ತದೆ, ಅದನ್ನೂ ಒಪ್ಪಿಕೊಳ್ಳುತ್ತೇವೆ. ಹಗಲಿನಲ್ಲಿ ಅಂಗಡಿಯವನು ಚಿಲ್ಲರೆಯಲ್ಲಿ ಎರಡು ರೂಪಾಯಿ ಕಡಿಮೆ ಕೊಟ್ಟರೆ ಹಿಡಿದು ಕೇಳುವ ನಮ್ಮ ಬುದ್ಧಿ ಎಲ್ಲಿ ಹೋಯಿತು?

ರೆಮ್ ನಿದ್ದೆಯಲ್ಲಿ ನೋಟವನ್ನು ಕಟ್ಟುವ ಮಿದುಳಿನ ಹಿಂಭಾಗ ಕೆಲಸದಲ್ಲಿರುತ್ತದೆ. ಭಯ, ಪ್ರೀತಿ, ಸಿಟ್ಟುಗಳಿಗೆ ಸಂಬಂಧಿಸಿದ ಅಮಿಗ್ಡಲಾ ಮತ್ತು ಅದರ ನೆರೆಹೊರೆ ಹೊತ್ತಿಕೊಂಡಿರುತ್ತವೆ. ಆದರೆ ಹಣೆಯ ಹಿಂದೆ, ಮೇಲ್ಬದಿಯಲ್ಲಿರುವ ಭಾಗ ಮಂಕಾಗಿರುತ್ತದೆ. ಹೊಂದದ್ದನ್ನು ಗುರುತಿಸುವುದು, ಹಿಂದುಮುಂದು ಜೋಡಿಸುವುದು, ‘ತಡಿ, ಇದು ಸರಿಯೇ?’ ಎಂದು ನಿಲ್ಲಿಸುವುದು ಅದರ ಕೆಲಸ. ಅದೇ ಹೊತ್ತಿನಲ್ಲಿ ನಾರ್ಅಡ್ರಿನಲಿನ್ ಎಂಬ ಎಚ್ಚರಿಕೆಯ ರಾಸಾಯನಿಕವೂ ಬಹುತೇಕ ನಿಂತಿರುತ್ತದೆ. ಕನಸು ಎದ್ದ ಐದು ನಿಮಿಷದಲ್ಲಿ ಆವಿಯಾಗಲು ಇದೂ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ.

ಎಚ್ಚರಗನಸಿನಲ್ಲಿ ಆ ಮಂಕಾದ ಭಾಗ ಭಾಗಶಃ ಮತ್ತೆ ಬೆಳಗುತ್ತದೆ. ಜರ್ಮನಿಯ ಮಾರ್ಟಿನ್ ಡ್ರೆಸ್ಲರ್ ತಂಡ 2012ರಲ್ಲಿ ಎಚ್ಚರಗನಸನ್ನು ಸ್ಕ್ಯಾನರಿನೊಳಗೆ ಹಿಡಿದಾಗ ಹಣೆಯ ಹಿಂಭಾಗದಲ್ಲೂ, ನಡುನೆತ್ತಿಯ ಹಿಂದಿನ ಕೆಲವು ಭಾಗಗಳಲ್ಲೂ ಚಟುವಟಿಕೆ ಏರಿತ್ತು. ಆದರೆ ಅದು ಒಬ್ಬನೇ ಮನುಷ್ಯನ ಚಿತ್ರ. ಕಿವಿ ಗಡಚಿಕ್ಕುವ ಯಂತ್ರದೊಳಗೆ ನಿದ್ದೆ ಮಾಡಿ, ಅದರಲ್ಲಿ ಕನಸು ಕಂಡು, ಆ ಕನಸಿನಲ್ಲಿ ಎಚ್ಚರಾಗಬೇಕಲ್ಲ! ಹಾಗಾಗಿ ಇಲ್ಲಿ ದೊಡ್ಡ ಮಾತು ಆಡುವುದು ಸಲ್ಲ.

ಎಚ್ಚರಗನಸಿಗರು ಕೊಟ್ಟ ಇನ್ನೊಂದು ಬಗೆಯ ಸಾಕ್ಷ್ಯ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕನಸಿನಲ್ಲಿ ಹತ್ತು ಎಣಿಸಿ, ಎಣಿಕೆಯ ಮೊದಲಿಗೂ ಕೊನೆಗೂ ಕಣ್ಣಿನ ಸಂಕೇತ ಕೊಡಿ ಎಂದರೆ, ಎಚ್ಚರದಲ್ಲಿ ಎಣಿಸಲು ಹಿಡಿಯುವಷ್ಟೇ ಹೊತ್ತು ಅಲ್ಲೂ ಹಿಡಿಯುತ್ತದೆ. ಕನಸಿನಲ್ಲಿ ಮುಷ್ಟಿ ಬಿಗಿದರೆ, ಮಿದುಳಿನಲ್ಲಿ ಕೈ ಆಡಿಸುವ ಜಾಗವೇ ಚುರುಕಾಗುತ್ತದೆ. 2018ರಲ್ಲಿ ಲಾಬರ್ಜ್ ಮತ್ತು ಸಂಗಡಿಗರು, ಎಚ್ಚರಗನಸಿನೊಳಗೆ ತಮ್ಮ ಹೆಬ್ಬೆರಳನ್ನು ನಿಧಾನವಾಗಿ ಸುತ್ತಿಸಿ ಅದನ್ನೇ ನೋಡುವಂತೆ ಜನರಿಗೆ ಹೇಳಿದರು. ನಿಜವಾದ ಬೆರಳನ್ನು ನೋಡುವಾಗ ಕಣ್ಣು ನುಣುಪಾಗಿ ಜಾರುತ್ತದೆ. ಕಣ್ಣು ಮುಚ್ಚಿ ಬೆರಳನ್ನು ಕಲ್ಪಿಸಿಕೊಂಡರೆ ಅದು ಕುಪ್ಪಳಿಸುತ್ತದೆ. ಬೇಕೆಂದು ನುಣುಪಾಗಿ ಜಾರಿಸಲು ನಮ್ಮಿಂದಾಗದು. ಕನಸಿನ ಬೆರಳಿನ ಹಿಂದೆ ಕಣ್ಣು ನುಣುಪಾಗಿಯೇ ಜಾರಿತು. ಕನಸು ಕಲ್ಪನೆಯ ಪಕ್ಕದ ಮನೆಯದಲ್ಲ, ಕಾಣುವಿಕೆಯ ಪಕ್ಕದ ಮನೆಯದು. ‘ಕನಸು ಕಾಣು’ ಎಂಬ ನಮ್ಮ ಮಾತಿನಲ್ಲಿರುವ ‘ಕಾಣು’ ಅಲಂಕಾರಕ್ಕೆ ಬಂದದ್ದಲ್ಲ.

*

ಹೀಗೆ ನಿಜದಷ್ಟೇ ಗಟ್ಟಿಯಾದ ನೋಟವನ್ನು ರಾತ್ರಿ ರಾತ್ರಿ ಕಟ್ಟಿ, ಅದನ್ನು ಪ್ರಶ್ನಿಸುವವನನ್ನು ಮಲಗಿಸಿಬಿಡುವ ಏರ್ಪಾಡು ಏತಕ್ಕೆ?

ಫ್ರಾಯ್ಡ್ ಅದುಮಿಟ್ಟ ಆಸೆಗಳು ವೇಷ ಹಾಕಿಕೊಂಡು ಬರುತ್ತವೆ ಎಂದ. ಅವನ ಪುಸ್ತಕದ ಪ್ರಭಾವ ದೊಡ್ಡದು, ಪುರಾವೆ ಚಿಕ್ಕದು. 1977ರಲ್ಲಿ ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ ಇನ್ನೊಂದು ತುದಿಗೆ ಹೋದರು: ಮಿದುಳಿನ ಕಾಂಡ ಗೊತ್ತುಗುರಿಯಿಲ್ಲದ ಸಂಕೇತಗಳನ್ನು ಮೇಲಕ್ಕೆ ತೂರುತ್ತದೆ, ಮೇಲಿನ ಭಾಗ ಅವಕ್ಕೆ ಹೇಗೋ ಒಂದು ಕಥೆ ಹೊಲಿಯುತ್ತದೆ. 1983ರಲ್ಲಿ, ಡಿಎನ್‌ಎ ರಚನೆ ಕಂಡವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ಅವರು ಗ್ರೇಮ್ ಮಿಚಿಸನ್ ಜೊತೆ ಸೇರಿ, ಬೇಡದ್ದನ್ನು ಅಳಿಸಲಿಕ್ಕೇ ಈ ನಿದ್ದೆ ಎಂದರು. ಮೂರರಲ್ಲಿ ಯಾವುದೂ ಪೂರ್ತಿ ಬಿದ್ದುಹೋಗಿಲ್ಲ, ಯಾವುದೂ ನಿಂತೂ ಇಲ್ಲ.

ನಿಂತಿರುವುದು ನೆನಪಿನ ಕಡೆಯಿಂದ ಬಂದ ಸಾಕ್ಷ್ಯ. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಒಂದು ದಿನ ವರ್ಮಾಂಟ್‌ನ ಬೆಟ್ಟ ಹತ್ತಿ ಬಂದು ಮಲಗಿದಾಗ, ನಿದ್ದೆ ಹತ್ತುವ ಹೊತ್ತಿಗೆ ಕೈಬೆರಳಿಗೆ ಬಂಡೆ ತಗುಲಿದಂತಾಯಿತು. ದಿನವಿಡೀ ಅಡಕೆ ಕೊಯ್ದವರಿಗೂ ಬಸ್ಸಿನಲ್ಲಿ ದೂರದೂರಿನಿಂದ ಬಂದವರಿಗೂ ಇದು ಗೊತ್ತಿರುವ ಅನುಭವವೇ. ಅವರು ಅದನ್ನು ಪ್ರಯೋಗವಾಗಿಸಿದರು. 27 ಜನರಿಗೆ ಮೂರು ದಿನ ಟೆಟ್ರಿಸ್ ಆಟ ಆಡಿಸಿದರೆ, ಹದಿನೇಳು ಜನರಿಗೆ ನಿದ್ದೆ ಹತ್ತುವಾಗ ಮೇಲಿನಿಂದ ಬೀಳುವ ಆ ಇಟ್ಟಿಗೆಗಳು ಕಂಡವು. ಅವರಲ್ಲಿ ಐವರು ಮಿದುಳಿಗೆ ಪೆಟ್ಟಾಗಿ ಹೊಸದೇನೂ ನೆನಪಿನಲ್ಲಿ ಉಳಿಯದವರು. ಪ್ರತಿ ಸಲವೂ ಆಟವನ್ನು ಹೊಸದಾಗಿ ಹೇಳಿಕೊಡಬೇಕಾಗಿತ್ತು. ಆ ಐವರಲ್ಲೂ ಮೂವರಿಗೆ, ತಾವು ಆಡಿದ್ದೇ ನೆನಪಿಲ್ಲದವರಿಗೆ, ಇಟ್ಟಿಗೆಗಳು ಕಂಡವು. 2000ದಲ್ಲಿ ಪ್ರಕಟವಾದ ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ನೆನಪಿಗೆ ಸಿಗದ್ದು ನಮ್ಮ ಕನಸಿಗೆ ಸಿಗುತ್ತದೆ.

ಹತ್ತು ವರ್ಷಗಳ ನಂತರ ಎರಿನ್ ವಾಮ್ಸ್ಲಿ ಮತ್ತು ಸ್ಟಿಕ್‌ಗೋಲ್ಡ್ 99 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಚಕ್ರವ್ಯೂಹ ಕೊಟ್ಟು, ನಡುವೆ ಕೆಲವರನ್ನು ಮಲಗಿಸಿದರು. ಮಲಗಿದವರಲ್ಲಿ ನಾಲ್ವರು ಮಾತ್ರ ಚಕ್ರವ್ಯೂಹಕ್ಕೆ ಸಂಬಂಧಿಸಿದ ಕನಸು ಹೇಳಿದರು. ಎದ್ದ ಮೇಲೆ ದಾರಿ ಹುಡುಕುವುದರಲ್ಲಿ ಆ ನಾಲ್ವರು ಉಳಿದವರಿಗಿಂತ ಎಷ್ಟೋ ಮುಂದಿದ್ದರು. ಎಚ್ಚರವಿದ್ದು ಅದರ ಬಗ್ಗೆಯೇ ಯೋಚಿಸಿದವರಿಗೆ ಅಂಥ ಲಾಭವಾಗಲಿಲ್ಲ. ಸ್ವಾರಸ್ಯವೆಂದರೆ ಕನಸು ದಾರಿ ಹೇಳಿಕೊಟ್ಟಿರಲಿಲ್ಲ. ಒಬ್ಬರಿಗೆ ಆಟದ ಸಂಗೀತ ಕೇಳಿಸಿತ್ತು, ಇನ್ನೊಬ್ಬರು ಹಿಂದೊಮ್ಮೆ ಹೊಕ್ಕಿದ್ದ ಬಾವಲಿ ಗವಿಗೆ ಹೋಗಿಬಂದಿದ್ದರು. ಹೊಸ ಅನುಭವವನ್ನು ಹಳೆಯದರ ಪಕ್ಕ ಇಟ್ಟು ಎಲ್ಲಿ ಹೊಂದುತ್ತದೆ ಎಂದು ನೋಡುವ ಕೆಲಸ ಅಲ್ಲಿ ನಡೆಯುತ್ತಿದ್ದಂತಿದೆ.

ಕನಸು ಹೀಗೆ ಅಡ್ಡಾದಿಡ್ಡಿಯಾಗಿರುವುದಕ್ಕೆ ಎರಿಕ್ ಹೋಯೆಲ್ 2021ರಲ್ಲಿ ಒಂದು ಕಾರಣ ಸೂಚಿಸಿದರು. ಗೈಡಿನ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ, ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದರೆ ತಬ್ಬಿಬ್ಬಾಗುತ್ತಾನೆ. ಕಂಪ್ಯೂಟರುಗಳಿಗೆ ಕಲಿಸುವಾಗಲೂ ಇದೇ ತೊಡಕು. ಪರಿಹಾರ, ಪಾಠದಲ್ಲೇ ಒಂದಿಷ್ಟು ಗೊಂದಲ ಬೆರೆಸುವುದು. ದಿನನಿತ್ಯದ ಏಕತಾನತೆಗೆ ಮಿದುಳು ಅಂಟಿಕೊಂಡುಬಿಡದಂತೆ ಕನಸು ಅದೇ ಕೆಲಸ ಮಾಡುತ್ತದೆ ಎಂಬುದು ಅವರ ಊಹೆ. ಇನ್ನೂ ಊಹೆಯೇ, ಆದರೆ ಜಗಲಿ ರೈಲಾಗುವುದನ್ನು ದೋಷವೆನ್ನದೆ ಉಪಾಯವೆಂದ ಮೊದಲ ವಿವರಣೆಗಳಲ್ಲೊಂದಾದ್ದರಿಂದ ನನಗೆ ಹಿಡಿಸುತ್ತದೆ.

ಇನ್ನು ಭಯ. ನೌಕರಿ ಸಿಕ್ಕಿ ಮಕ್ಕಳು ದೊಡ್ಡವರಾದ ಮೇಲೂ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಕನಸು ಬೀಳುವವರು ನಮ್ಮಲ್ಲಿ ಎಷ್ಟು ಜನ! ಫಿನ್‌ಲೆಂಡಿನ ಆಂಟಿ ರೆವೊನ್ಸುವೊ 2000ದಲ್ಲಿ, ಕನಸು ಅಪಾಯದ ತಾಲೀಮು ಎಂದು ವಾದಿಸಿದರು. ಓಡುವುದನ್ನೂ ಅಡಗುವುದನ್ನೂ ಪ್ರಾಣಕ್ಕೆ ಕುತ್ತಿಲ್ಲದ ಜಾಗದಲ್ಲಿ ಅಭ್ಯಾಸ ಮಾಡಿಸುವ ಗರಡಿ ಅದು. ಇದಕ್ಕೆ ಪ್ಯಾರಿಸಿನಿಂದ ಒಂದು ಸೊಗಸಾದ ಸಾಕ್ಷ್ಯ ಬಂದಿದೆ. ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ 719 ವಿದ್ಯಾರ್ಥಿಗಳನ್ನು ಇಸಾಬೆಲ್ ಆರ್ನುಲ್ಫ್ ತಂಡ ವಿಚಾರಿಸಿತು. ಹಿಂದಿನ ರಾತ್ರಿ ಶೇ 60ರಷ್ಟು ಮಂದಿಗೆ ಪರೀಕ್ಷೆಯದೇ ಕನಸು. ಹೆಚ್ಚಿನವು ತಡವಾಗಿ ಹೋದ, ಉತ್ತರ ಮರೆತ ಕನಸುಗಳು. ಆದರೆ ಪರೀಕ್ಷೆಯ ಕನಸು ಪದೇ ಪದೇ ಬಿದ್ದವರಿಗೇ ಹೆಚ್ಚು ಅಂಕ ಬಂದಿತ್ತು. ಶಿಕಾಗೊದ ರೊಸಲಿಂಡ್ ಕಾರ್ಟ್‌ರೈಟ್ ವಿಚ್ಛೇದನದ ದುಃಖದಲ್ಲಿದ್ದವರ ಕನಸುಗಳನ್ನು ಕೇಳಿದಾಗಲೂ ಹೀಗೆಯೇ. ಅಗಲಿದ ಸಂಗಾತಿ ಭಾವನೆಗಳ ಸಮೇತ ಕನಸಿಗೆ ಬಂದವರು ವರ್ಷದ ನಂತರ ಚೇತರಿಸಿಕೊಂಡಿದ್ದ ಸಾಧ್ಯತೆ ಹೆಚ್ಚಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ತಾಲೀಮು ಫಲಿಸಬೇಕಾದರೆ ಎದುರಿಗಿರುವ ಗೂಳಿ ಗೂಳಿಯೇ ಎಂದು ನಂಬಬೇಕು. ದುಃಖ ಹದಕ್ಕೆ ಬರಬೇಕಾದರೆ ಅಜ್ಜ ನಿಜವಾಗಿ ಜಗಲಿಯ ಮೇಲೆ ಕೂತಿರಬೇಕು. ಪ್ರಶ್ನಿಸುವ ಭಾಗ ಮಲಗದಿದ್ದರೆ ಇಡೀ ಏರ್ಪಾಡು ಸಪ್ಪೆಯಾಗುತ್ತದೆ. ಕನಸಿನಲ್ಲಿ ಅರಿವಿಲ್ಲದಿರುವುದು ಕನಸಿನ ಕೊರತೆಯಲ್ಲ, ಅದು ಅದರ ಕೆಲಸದ ಭಾಗವೇ ಎಂದು ನನಗೆ ತೋರುತ್ತದೆ. ಇದು ನನ್ನ ತೀರ್ಮಾನ, ಪ್ರಯೋಗ ಸಿದ್ಧಮಾಡಿಕೊಟ್ಟ ಸತ್ಯವಲ್ಲ. ಆದರೆ ಎಚ್ಚರಗನಸು ಎಷ್ಟೋ ಜನರಿಗೆ ಆಗಿಯೂ ಯಾರಿಗೂ ರಾತ್ರಿಯಿಡೀ ಆಗುವುದಿಲ್ಲ ಎನ್ನುವುದು ಈ ಕಡೆಗೇ ಬೆರಳು ತೋರಿಸುತ್ತದೆ. ಪ್ರತಿಯೊಂದು ಕನಸನ್ನೂ ಹಿಡಿತಕ್ಕೆ ತೆಗೆದುಕೊಳ್ಳಿ, ಹಾರಿ, ಬೇಕಾದವರನ್ನು ಕರೆಸಿಕೊಳ್ಳಿ ಎಂದು ಕಲಿಸುವ ತರಬೇತಿಗಳನ್ನು ಕಂಡರೆ ನನಗೆ ಹಿಂಜರಿಕೆಯಾಗುವುದು ಅದಕ್ಕೇ.

ಏರ್ಪಾಡು ಕೆಟ್ಟು ನಿಂತಾಗ ಮಾತು ಬೇರೆ. ಅಪಘಾತ ಕಂಡವರಿಗೆ, ದೌರ್ಜನ್ಯಕ್ಕೆ ಒಳಗಾದವರಿಗೆ ಒಂದೇ ಕೆಟ್ಟ ಕನಸು ವರ್ಷಗಟ್ಟಲೆ ಮರಳಿ ಮರಳಿ ಬೀಳುತ್ತದೆ. ಗರಡಿಯಲ್ಲಿ ಒಂದೇ ಪಟ್ಟಿನಲ್ಲಿ ಸಿಕ್ಕಿಕೊಂಡ ಹಾಗೆ, ಕಲಿಕೆಯಿಲ್ಲ, ನೋವಷ್ಟೇ. ಅಂಥವರಿಗೆ ‘ಇದು ಕನಸು’ ಎಂಬ ಅರಿವು ಬಿಡುಗಡೆಯಾಗಬಲ್ಲದು. ಇನ್ನೂ ಸರಳವಾದ ದಾರಿಯೊಂದಿದೆ. ಹಗಲಿನಲ್ಲಿ ಕೂತು ಆ ಕನಸಿನ ಕಥೆಯನ್ನು ತಮಗೆ ಬೇಕಾದಂತೆ ಬದಲಿಸಿ ಬರೆದು, ಹೊಸ ಕಥೆಯನ್ನು ದಿನವೂ ಮನಸ್ಸಿನಲ್ಲಿ ನಡೆಸಿಕೊಳ್ಳುವುದು. ಬ್ಯಾರಿ ಕ್ರಾಕೊ ತಂಡ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಹೆಂಗಸರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಇದರಿಂದ ಕೆಟ್ಟ ಕನಸುಗಳು ಇಳಿದವು, ನಿದ್ದೆ ಸುಧಾರಿಸಿತು. 2001ರಿಂದಲೇ ಇದು ವೈದ್ಯಲೋಕಕ್ಕೆ ಗೊತ್ತು. ಆದರೂ ‘ಕೆಟ್ಟ ಕನಸು ಬೀಳುತ್ತಿದೆ’ ಎಂದು ಡಾಕ್ಟರ ಹತ್ತಿರ ಹೇಳಲು ನಾಚುವವರೇ ಹೆಚ್ಚು. ನಾಚಬೇಡಿ, ಹೇಳಿ.

ಧ್ಯಾನಕ್ಕೂ ಇದಕ್ಕೂ ಸಂಬಂಧವುಂಟೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿ ಮತ್ತು ಸಂಗಡಿಗರು ವಿಪಸ್ಸನ ಸಾಧಕರ ನಿದ್ದೆಯನ್ನು ಅಳೆದು, ಗಾಢನಿದ್ದೆಯೂ ರೆಮ್ ನಿದ್ದೆಯೂ ಅವರಲ್ಲಿ ಹೆಚ್ಚಾಗಿರುವುದನ್ನು 2010ರಲ್ಲಿ ವರದಿ ಮಾಡಿದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ದೀರ್ಘಕಾಲ ಧ್ಯಾನ ಮಾಡಿದವರಿಗೆ ಎಚ್ಚರಗನಸು ಹೆಚ್ಚಾಗಿ ಬೀಳುವುದು ಕಂಡುಬಂತು. ಎಂಟು ವಾರದ ತರಬೇತಿ ಪಡೆದವರಿಗೆ ಆ ಲಾಭವಾಗಲಿಲ್ಲ. ಹಗಲಿನಲ್ಲಿ ವರ್ಷಗಟ್ಟಲೆ ಬೆಳೆಸಿಕೊಂಡ ಗಮನ ರಾತ್ರಿಗೂ ಸೋರುತ್ತದೆ, ಅವಸರಕ್ಕೆ ಬಗ್ಗುವುದಿಲ್ಲ.

ಕುತೂಹಲವಿದ್ದವರು ಎಚ್ಚರಗನಸಿಗೆ ಕೈಹಾಕುವ ಮೊದಲು ಕನಸನ್ನು ನೆನಪಿಟ್ಟುಕೊಳ್ಳಲು ಕಲಿಯಬೇಕು. ನಿದ್ದೆಯೇ ಸಾಲದವರು, ಮನೋರೋಗದ ಚಿಕಿತ್ಸೆಯಲ್ಲಿರುವವರು, ನಿಜಕ್ಕೂ ಭ್ರಮೆಗೂ ಗೆರೆ ಮಸುಕಾದ ಅನುಭವವಿರುವವರು ಇದಕ್ಕೆ ಹೋಗದಿರುವುದೇ ಒಳ್ಳೆಯದು. ಉಳಿದವರು ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಪೆನ್ನು ಇಟ್ಟುಕೊಳ್ಳಿ. ಎಚ್ಚರಾದ ಕೂಡಲೇ ಮಗ್ಗುಲು ಬದಲಿಸಬೇಡಿ, ಮೊಬೈಲ್ ಮುಟ್ಟಬೇಡಿ. ‘ಈಗ ಏನು ನಡೆಯುತ್ತಿತ್ತು?’ ಎಂದು ಕೇಳಿಕೊಂಡು, ಸಿಕ್ಕ ತುದಿಯಿಂದ ಹಿಂದಕ್ಕೆ ಎಳೆಯಿರಿ. ಬರೆಯುವಾಗ ಬಿಡಿಸಿ ಬರೆಯಿರಿ. ಆಸ್ಟ್ರಿಯಾದ ಆಟೊ ಲೋವಿ 1920ರ ಈಸ್ಟರ್ ರಾತ್ರಿ ಕನಸಿನಲ್ಲಿ ಹೊಳೆದ ಒಂದು ಪ್ರಯೋಗವನ್ನು ಅರೆನಿದ್ದೆಯಲ್ಲಿ ಚೀಟಿಯ ಮೇಲೆ ಗೀಚಿ, ಬೆಳಿಗ್ಗೆ ತನ್ನ ಅಕ್ಷರ ತನಗೇ ಓದಲಾಗದೆ ದಿನವಿಡೀ ಒದ್ದಾಡಿದ. ಮರುರಾತ್ರಿ ಮೂರು ಗಂಟೆಗೆ ಅದೇ ಮತ್ತೆ ಹೊಳೆದಾಗ ನೇರ ಪ್ರಯೋಗಾಲಯಕ್ಕೆ ಹೋಗಿ, ಎರಡು ಕಪ್ಪೆಗಳ ಹೃದಯದ ಮೇಲೆ ಅದನ್ನು ಮಾಡಿ ನೋಡಿದ. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ತೋರಿಸಿದ ಆ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು.

ಒಂದು ತಿಂಗಳು ಬರೆದ ಮೇಲೆ ಪುಟಗಳನ್ನು ತಿರುವಿ ನೋಡಿ. ಅದೇ ಹಳೆಯ ಮನೆ, ಅದೇ ತಪ್ಪಿಹೋಗುವ ಬಸ್ಸು, ಅದೇ ಸಿಗದ ಚಪ್ಪಲಿ ಮತ್ತೆ ಮತ್ತೆ ಬಂದಿರುತ್ತವೆ. ನಿಮ್ಮ ಕನಸಿನ ಗುರುತುಗಳು ಅವೇ. ಮಲಗುವ ಮುನ್ನ ಅವುಗಳಲ್ಲೊಂದನ್ನು ನೆನೆದು, ‘ಇದನ್ನು ಕಂಡಾಗ ಕನಸೆಂದು ನೆನಪಾಗಲಿ’ ಎಂದುಕೊಳ್ಳಿ. ಮತ್ತೆ ಆ ಬಸ್ಸು ತಪ್ಪಿದಾಗ ಅದರ ಹಿಂದೆ ಓಡಬೇಡಿ. ನಿಂತು, ಸುತ್ತ ಒಮ್ಮೆ ನೋಡಿ.